ಕ್ವಾಂಟಂ ಗುರುತ್ವ: ಯಾವ ದಾರಿ, ಎಷ್ಟು ಆಯಾಮ? ಆರಿಸಿಕೊಳ್ಳುವವರಿಗೊಂದು ಹೋಲಿಕೆ

ಕ್ವಾಂಟಂ ಗುರುತ್ವ ಎಂದ ಕೂಡಲೇ ಹತ್ತು ಆಯಾಮ, ಹನ್ನೊಂದು ಆಯಾಮ ಎಂಬ ಮಾತು ಬಂದೇ ಬರುತ್ತದೆ. ಆದರೆ ಇವು ಎರಡು ಬೇರೆ ಪ್ರಶ್ನೆಗಳು. ಗುರುತ್ವವನ್ನು ಕ್ವಾಂಟಂ ನಿಯಮಕ್ಕೆ ಒಳಪಡಿಸುವ ಹಲವು ದಾರಿಗಳಿಗೆ ನಾಲ್ಕಕ್ಕಿಂತ ಹೆಚ್ಚು ಆಯಾಮ ಬೇಕಿಲ್ಲ. ಹೆಚ್ಚುವರಿ ಆಯಾಮದ ಕೆಲವು ಮಾದರಿಗಳಾದರೋ ಕ್ವಾಂಟಂ ಗುರುತ್ವದ ತಂಟೆಗೇ ಹೋಗುವುದಿಲ್ಲ. ಹಾಗಾಗಿ ಒಂದು ದಾರಿಯನ್ನು ಹಿಡಿದು ಓದಲು ಹೊರಟವರು ಮೊದಲು ಕೇಳಬೇಕಾದದ್ದು, ಇಲ್ಲಿ ಆಯಾಮಗಳ ಸಂಖ್ಯೆ ಎಲ್ಲಿಂದ ಬಂತು ಎಂದು. ಕೆಲವೆಡೆ ಅದನ್ನು ಕೈಯಾರೆ ಹಾಕಿರುತ್ತಾರೆ. ಕೆಲವೆಡೆ ಗಣಿತ ಬಲವಂತವಾಗಿ ಹೇರುತ್ತದೆ. ಇನ್ನು ಕೆಲವೆಡೆ ಅದು ಲೆಕ್ಕದ ಕೊನೆಯಲ್ಲಿ ಉತ್ತರವಾಗಿ ಬರುತ್ತದೆ. ಎರಡನೆಯ ಪ್ರಶ್ನೆ, ಈ ಸಿದ್ಧಾಂತ ತಪ್ಪಾಗಿದ್ದರೆ ಎಲ್ಲಿ ಸಿಕ್ಕಿಬೀಳುತ್ತದೆ ಎಂಬುದು. ಸೊಗಸು, ಖ್ಯಾತಿ, ಬೆಂಬಲಿಗರ ಸಂಖ್ಯೆ ಇವೆಲ್ಲ ಆಮೇಲಿನ ಮಾತು.

ತೊಡಕು ನಿಜವಾಗಿ ಇರುವುದೆಲ್ಲಿ

ಗುರುತ್ವವೂ ಕ್ವಾಂಟಂ ನಿಯಮವೂ ಒಟ್ಟಿಗೆ ಮುಖ್ಯವಾಗುವ ಪ್ಲಾಂಕ್ ಉದ್ದ 1.6×10⁻³⁵ ಮೀಟರ್, ಅದಕ್ಕೆ ಹೊಂದುವ ಶಕ್ತಿ 1.2×10¹⁹ ಜಿಇವಿ (ಒಂದು ಜಿಇವಿ ಅಂದರೆ ನೂರು ಕೋಟಿ ಎಲೆಕ್ಟ್ರಾನ್ ವೋಲ್ಟ್, ಸಾವಿರ ಜಿಇವಿ ಸೇರಿದರೆ ಒಂದು ಟಿಇವಿ). ಕಣಗಳನ್ನು ಡಿಕ್ಕಿ ಹೊಡೆಸುವ ಯಂತ್ರವಾದ ಲಾರ್ಜ್ ಹ್ಯಾಡ್ರಾನ್ ಕೊಲೈಡರ್ ತಲುಪಿದ ಡಿಕ್ಕಿಯ ಶಕ್ತಿ 13.6 ಟಿಇವಿ, ಅಂದರೆ ಅದಕ್ಕಿಂತ ಸುಮಾರು 10¹⁵ ಪಟ್ಟು ಕಡಿಮೆ. ಗುರುತ್ವವನ್ನು ವಿವರಿಸುವ ಐನ್‌ಸ್ಟೈನನ ಸಾಪೇಕ್ಷತೆಯೂ ಕ್ವಾಂಟಂ ಸಿದ್ಧಾಂತವೂ ಒಟ್ಟಿಗೆ ನಿಲ್ಲುವುದೇ ಇಲ್ಲ ಎಂದು ಹೇಳುವುದುಂಟು. ಅದು ಪೂರ್ತಿ ನಿಜವಲ್ಲ. ಕಡಿಮೆ ಶಕ್ತಿಯಲ್ಲಿ ಅವೆರಡನ್ನೂ ಸೇರಿಸಿ ಲೆಕ್ಕ ಹಾಕಬಹುದು. 1994ರಲ್ಲಿ ಡೊನಹ್ಯೂ ತೋರಿಸಿದ ಕ್ರಮದಲ್ಲಿ ಹೋದರೆ ನ್ಯೂಟನ್ನನ ಗುರುತ್ವ ವಿಭವಕ್ಕೆ ಬೀಳುವ ಕ್ವಾಂಟಂ ತಿದ್ದುಪಡಿಯೂ ಸಿಗುತ್ತದೆ: ಪ್ಲಾಂಕ್ ಉದ್ದವನ್ನು ದೂರದಿಂದ ಭಾಗಿಸಿ ವರ್ಗ ಮಾಡಿ, 41ನ್ನು ಹತ್ತು ಪೈಯಿಂದ ಭಾಗಿಸಿ ಬಂದದ್ದರಿಂದ ಗುಣಿಸಬೇಕು. ಪ್ರೋಟಾನಿನ ಗಾತ್ರದ ದೂರದಲ್ಲೂ ಇದು 10⁻⁴⁰ರ ಆಸುಪಾಸು. ಸರಿಯಾದ ಲೆಕ್ಕ, ಅಳೆಯಲು ಮಾತ್ರ ಆಗದ್ದು.

ತೊಡಕು ಶುರುವಾಗುವುದು ಶಕ್ತಿ ಏರಿದಂತೆ. ಗುರುತ್ವದ ಸ್ಥಿರಾಂಕಕ್ಕೆ ಉದ್ದದ ವರ್ಗದ ಅಳತೆ ಇರುವುದರಿಂದ ಲೆಕ್ಕದ ಪ್ರತಿ ಹಂತದಲ್ಲೂ ಹೊಸ ಬಗೆಯ ಅನಂತಗಳು ಏಳುತ್ತವೆ. 1974ರಲ್ಲಿ ಟ್ ಹೂಫ್ಟ್ ಮತ್ತು ವೆಲ್ಟ್‌ಮನ್, ಬರಿಯ ಗುರುತ್ವ ಮೊದಲ ಹಂತದಲ್ಲಿ ಪಾರಾಗುತ್ತದೆ, ದ್ರವ್ಯ ಸೇರಿದರೆ ಆಗುವುದಿಲ್ಲ ಎಂದು ತೋರಿಸಿದರು. 1980ರ ದಶಕದ ನಡುವೆ ಗೊರೊಫ್ ಮತ್ತು ಸಗ್ನೊಟ್ಟಿ ಎರಡನೆಯ ಹಂತವನ್ನು ಲೆಕ್ಕ ಹಾಕಿದಾಗ ಬರಿಯ ಗುರುತ್ವವೂ ಸೋತಿತು. ಪ್ರತಿ ಅನಂತವನ್ನು ಅಡಗಿಸಲು ಒಂದು ಹೊಸ ಅಳತೆ ಬೇಕು, ಅನಂತಗಳಿಗೆ ಕೊನೆಯಿಲ್ಲ, ಹಾಗಾಗಿ ಮುನ್ನುಡಿಯುವ ಶಕ್ತಿಯೇ ಹೋಗುತ್ತದೆ. ಹೆಚ್ಚುವರಿ ಆಯಾಮದ ಮಾದರಿಗಳನ್ನು ಬಿಟ್ಟರೆ, ಮುಂದೆ ಬರುವ ಒಂದೊಂದು ದಾರಿಯೂ ಈ ಒಂದೇ ರೋಗಕ್ಕೆ ಬೇರೆ ಬೇರೆ ಮದ್ದು.

ಹೆಚ್ಚುವರಿ ಆಯಾಮದ ಮಾದರಿಗಳು: ದೊಡ್ಡದು, ಬಾಗಿದ್ದು, ಸುರುಳಿಯಾದದ್ದು

ಕಲೂಜಾ 1921ರಲ್ಲಿ ಪ್ರಕಟಿಸಿದ ವಿಚಾರ ಸರಳ. ಐದು ಆಯಾಮದ ಸಾಪೇಕ್ಷತೆಯಲ್ಲಿ ದೂರ ಅಳೆಯುವ ಕೋಷ್ಟಕಕ್ಕೆ 15 ಸ್ವತಂತ್ರ ಅಂಶಗಳಿವೆ. ಹತ್ತು ನಮ್ಮ ಗುರುತ್ವಕ್ಕೆ, ನಾಲ್ಕು ವಿದ್ಯುತ್ಕಾಂತತೆಗೆ ಹೊಂದುತ್ತವೆ, ಒಂದು ಉಳಿದುಬಿಡುತ್ತದೆ. ಆ ಐದನೆಯ ಆಯಾಮ ಪುಟ್ಟ ವೃತ್ತವಾಗಿ ಸುತ್ತಿಕೊಂಡಿದೆ ಎಂದು 1926ರಲ್ಲಿ ಕ್ಲೈನ್ ಸೇರಿಸಿದ. ದೂರದಿಂದ ಗೆರೆಯಂತೆ ಕಾಣುವ ಕೊಳವೆಯ ಹೋಲಿಕೆ ಇಲ್ಲಿ ಎಲ್ಲರ ಬಾಯಲ್ಲೂ ಇದೆ. ಆದರೆ ಅದು ಗಾತ್ರವನ್ನಷ್ಟೇ ಹೇಳಿ ಮುಖ್ಯ ಸಂಗತಿಯನ್ನು ಬಿಟ್ಟುಬಿಡುತ್ತದೆ. ವೃತ್ತದ ಸುತ್ತ ಅಲೆಯೊಂದು ಪೂರ್ಣ ಸಂಖ್ಯೆಯ ಸುತ್ತುಗಳಲ್ಲೇ ಕೂರಬೇಕು, ಹಾಗಾಗಿ ಪ್ರತಿ ಕಣಕ್ಕೂ ಭಾರವಾದ ಪ್ರತಿಗಳ ಒಂದು ಏಣಿ ಬರುತ್ತದೆ. ಪ್ರಯೋಗಗಳು ಹುಡುಕುವುದು ಈ ಏಣಿಯನ್ನೇ. ಮೆಟ್ಟಿಲಿನ ಎತ್ತರ ಬೇಕಿದ್ದರೆ 197 ಎಂಇವಿ-ಫೆಮ್ಟೋಮೀಟರನ್ನು ತ್ರಿಜ್ಯದಿಂದ ಭಾಗಿಸಿ. ತ್ರಿಜ್ಯ ಒಂದು ಮೈಕ್ರೋಮೀಟರ್ ಇದ್ದರೆ 0.2 ಇವಿ, 10⁻¹⁹ ಮೀಟರ್ ಇದ್ದರೆ ಸುಮಾರು 2 ಟಿಇವಿ.

ಹಳೆಯ ಕಲೂಜಾ-ಕ್ಲೈನ್ ಮಾದರಿಯನ್ನು ಇದ್ದ ಹಾಗೇ ಹಿಡಿಯುವುದು ಇಂದು ವ್ಯರ್ಥ. ವಿದ್ಯುದಂಶ ಹೊಂದಿದ ಕಣಗಳೆಲ್ಲ ಅದರಲ್ಲಿ ಪ್ಲಾಂಕ್ ಮಟ್ಟದ ಭಾರ ಪಡೆಯುತ್ತವೆ, ಎಲೆಕ್ಟ್ರಾನ್ ಎಲ್ಲೂ ಕೂರುವುದಿಲ್ಲ. ಉಳಿದ ಆ ಹದಿನೈದನೆಯ ಅಂಶ, ಅಂದರೆ ವೃತ್ತದ ತ್ರಿಜ್ಯವನ್ನು ಹೇಳುವ ಕ್ಷೇತ್ರ, ಭಾರವಿಲ್ಲದೆ ಸಡಿಲವಾಗಿ ತೇಲುತ್ತದೆ. ಎಡ-ಬಲ ಭೇದ ತೋರುವ ದುರ್ಬಲ ಬಲಕ್ಕೆ ಬೇಕಾದ ಕಣಗಳೂ ಸರಳ ವೃತ್ತದಲ್ಲಿ ಹುಟ್ಟುವುದಿಲ್ಲ. ಆದರೂ ಕಲಿಯಲು ಮೊದಲ ಲೆಕ್ಕ ಇದೇ ಆಗಿರಲಿ. ಮುಂದಿನ ಮಾದರಿಗಳು ಎಡವುವುದೂ ಹೆಚ್ಚಾಗಿ ಈ ಮೂರು ಜಾಗಗಳಲ್ಲೇ.

1998ರಲ್ಲಿ ಅರ್ಕಾನಿ-ಹಮೆದ್, ಡಿಮೊಪೌಲೊಸ್, ದ್ವಾಲಿ ಬೇರೆ ಪ್ರಶ್ನೆ ಕೇಳಿದರು. ಗುರುತ್ವ ಇಷ್ಟು ದುರ್ಬಲವಾಗಿರುವುದು ಅದು ಹೆಚ್ಚುವರಿ ಆಯಾಮಗಳಲ್ಲಿ ಹಂಚಿಹೋಗುವುದರಿಂದಲೇ ಇರಬಾರದೇಕೆ? ಉಳಿದ ಕಣಗಳು ಮೂರು ಆಯಾಮದ ಪೊರೆಗೆ ಅಂಟಿಕೊಂಡಿವೆ, ಗುರುತ್ವ ಮಾತ್ರ ಎಲ್ಲೆಡೆ ಹರಡುತ್ತದೆ. ಲೆಕ್ಕ ಗೌಸ್ ನಿಯಮದ್ದು: ಕಾಣುವ ಪ್ಲಾಂಕ್ ದ್ರವ್ಯರಾಶಿಯ ವರ್ಗವು ಮೂಲ ದ್ರವ್ಯರಾಶಿಯನ್ನೂ ಆಯಾಮಗಳ ಗಾತ್ರವನ್ನೂ ಗುಣಿಸಿದ್ದಕ್ಕೆ ಸಮ. ಹೆಚ್ಚುವರಿ ಆಯಾಮಗಳು ಎಷ್ಟಿವೆಯೋ ಅದಕ್ಕೆ ಎರಡು ಸೇರಿಸಿದ ಘಾತ ಮೂಲ ದ್ರವ್ಯರಾಶಿಗೆ, ಆಯಾಮಗಳಷ್ಟೇ ಘಾತ ಗಾತ್ರಕ್ಕೆ. ಮೂಲ ದ್ರವ್ಯರಾಶಿ 1 ಟಿಇವಿ ಎಂದು ಇಟ್ಟುಕೊಳ್ಳಿ. ಒಂದೇ ಹೆಚ್ಚುವರಿ ಆಯಾಮವಾದರೆ ಗಾತ್ರ 10¹¹ ಮೀಟರಿನ ಮಟ್ಟಕ್ಕೆ ಬರುತ್ತದೆ, ಭೂಮಿಗೂ ಸೂರ್ಯನಿಗೂ ಇರುವ ದೂರದ ಹತ್ತಿರ. ಗ್ರಹಗಳ ಚಲನೆಯೇ ಇದನ್ನು ತಳ್ಳಿಹಾಕಿದೆ. ಎರಡಾದರೆ ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು, ಆರಾದರೆ 10⁻¹⁴ ಮೀಟರ್. ಎರಡು ಆಯಾಮದಲ್ಲೇ ಮೂಲ ದ್ರವ್ಯರಾಶಿಯನ್ನು 10 ಟಿಇವಿಗೆ ಏರಿಸಿದರೆ ಗಾತ್ರ ನೂರು ಪಟ್ಟು ಕುಗ್ಗುತ್ತದೆ.

ಈ ಮಾದರಿಯ ದೊಡ್ಡ ಗುಣ, ಅದನ್ನು ಪರೀಕ್ಷೆಗೆ ಒಡ್ಡಬಹುದು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಎಟ್-ವಾಶ್ ಗುಂಪು ತಿರುಚು ತಕ್ಕಡಿಯಿಂದ ಗುರುತ್ವದ ವಿಲೋಮ ವರ್ಗ ನಿಯಮವನ್ನು ಅಳೆದು, ಹೆಚ್ಚುವರಿ ಆಯಾಮ 44 ಮೈಕ್ರೋಮೀಟರಿಗಿಂತ ದೊಡ್ಡದಿರಲಾರದು ಎಂದು 2007ರಲ್ಲಿ ಹೇಳಿತು. 2020ರಲ್ಲಿ ವಸ್ತುಗಳ ನಡುವಿನ ಅಂತರವನ್ನು 52 ಮೈಕ್ರೋಮೀಟರಿಗೆ ಇಳಿಸಿ, ಗುರುತ್ವದಷ್ಟೇ ಬಲದ ಹೊಸ ಬಲಕ್ಕೆ 38.6 ಮೈಕ್ರೋಮೀಟರಿಗಿಂತ ಹೆಚ್ಚಿನ ವ್ಯಾಪ್ತಿ ಇಲ್ಲವೆಂದು ತೋರಿಸಿತು. ಇನ್ನೂ ಕೆಳಗಿಳಿಯುವುದು ಏಕೆ ಕಷ್ಟವೆಂದರೆ, ಅಷ್ಟು ಹತ್ತಿರದಲ್ಲಿ ಲೋಹದ ಮೇಲ್ಮೈಯ ಚದುರಿದ ವಿದ್ಯುತ್ ವಿಭವ ಮತ್ತು ನಿರ್ವಾತದ ಕ್ವಾಂಟಂ ಏರಿಳಿತದಿಂದ ಹುಟ್ಟುವ ಕ್ಯಾಸಿಮಿರ್ ಬಲ ಗುರುತ್ವವನ್ನು ಮುಳುಗಿಸಿಬಿಡುತ್ತವೆ. ನಡುವೆ ತೆಳುವಾದ ವಾಹಕ ಹಾಳೆಯೊಂದನ್ನು ಬಿಗಿದು ನಿಲ್ಲಿಸಬೇಕು, ಆ ಹಾಳೆಯೇ ಅಂತರವನ್ನು ತಿನ್ನುತ್ತದೆ. ಇನ್ನೊಂದು ಕಡೆ, ಕಣಗಳ ಒಂದೇ ಚಿಲುಮೆ (ಜೆಟ್) ಹಾರಿ ಎದುರಿಗೆ ಏನೂ ಕಾಣದ ಡಿಕ್ಕಿಗಳನ್ನು ಎಣಿಸಿ ಅದೇ ಕೊಲೈಡರಿನ ಅಟ್ಲಾಸ್ ಪ್ರಯೋಗ ಮೂಲ ದ್ರವ್ಯರಾಶಿಯನ್ನು ಎರಡು ಆಯಾಮಕ್ಕೆ ಸುಮಾರು 11 ಟಿಇವಿ, ಆರಕ್ಕೆ ಸುಮಾರು 6 ಟಿಇವಿಗಿಂತ ಮೇಲೆ ತಳ್ಳಿದೆ. ಎರಡು ಆಯಾಮದ ಮಟ್ಟಿಗೆ 1987ರ ಸೂಪರ್‌ನೋವಾದ ನ್ಯೂಟ್ರಿನೊಗಳು ಹಾಕುವ ಮಿತಿ ಇದಕ್ಕಿಂತ ಬಿಗಿ. ಗುರುತ್ವದ ಕಣಗಳಾದ ಗ್ರಾವಿಟಾನ್‌ಗಳು ಶಕ್ತಿಯನ್ನು ಹೊತ್ತು ಪರಾರಿಯಾಗಿದ್ದರೆ ನಕ್ಷತ್ರ ಬೇಗ ತಣ್ಣಗಾಗಿ ನ್ಯೂಟ್ರಿನೊಗಳ ಮಿಡಿತ ಮೊಟಕಾಗಬೇಕಿತ್ತು.

ರ‍್ಯಾಂಡಲ್ ಮತ್ತು ಸುಂದ್ರಮ್ 1999ರಲ್ಲಿ ಗಾತ್ರವನ್ನು ಬಿಟ್ಟು ವಕ್ರತೆಯನ್ನು ಹಿಡಿದರು. ಒಂದೇ ಹೆಚ್ಚುವರಿ ಆಯಾಮ, ಎರಡು ತುದಿಗಳಲ್ಲಿ ಎರಡು ಪೊರೆ. ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಶಕ್ತಿಯ ಅಳತೆ ಘಾತೀಯವಾಗಿ ಕುಗ್ಗುತ್ತದೆ. ಆ ಘಾತ 37 ಇದ್ದರೆ ಸಾಕು, ಪ್ಲಾಂಕ್ ಶಕ್ತಿಗೂ ಟಿಇವಿ ಮಟ್ಟಕ್ಕೂ ನಡುವಿನ 10¹⁶ ಪಟ್ಟಿನ ಕಂದರ ತುಂಬಿಹೋಗುತ್ತದೆ. ದೊಡ್ಡ ಸಂಖ್ಯೆಯನ್ನು ಕೈಯಾರೆ ತುರುಕಿಲ್ಲವಾದ್ದರಿಂದ ಗಣಿತ ಪ್ರಿಯರಿಗೆ ಇದು ಹೆಚ್ಚು ಒಪ್ಪುತ್ತದೆ. ಆದರೆ ಪೊರೆಗಳ ನಡುವಿನ ಅಂತರವನ್ನು ಹಿಡಿದಿಡಲು ಗೋಲ್ಡ್‌ಬರ್ಗರ್-ವೈಸ್ ರೀತಿಯ ಇನ್ನೊಂದು ಕ್ಷೇತ್ರ ಸೇರಿಸಲೇಬೇಕು. ಅದನ್ನು ಮರೆತು ಮಾಡಿದ ಲೆಕ್ಕ ಅರ್ಧ ಲೆಕ್ಕ. ಇಲ್ಲಿ ಏಣಿಯ ಮೆಟ್ಟಿಲುಗಳು ಸಮಾನವಲ್ಲ: 3.83, 7.02, 10.17ರ ಅನುಪಾತದಲ್ಲಿ ಏರುತ್ತವೆ. ಸಪಾಟಾದ ವೃತ್ತದಲ್ಲಿ ಅದು 1, 2, 3. ಹಾಗಾಗಿ ಕೊಲೈಡರಿನಲ್ಲಿ ಮೊದಲ ಶಿಖರ ಸಿಕ್ಕಿತೆಂದು ಕುಣಿಯುವಂತಿಲ್ಲ. ಎರಡನೆಯದು ಎರಡು ಪಟ್ಟಿನಲ್ಲಿದೆಯೋ 1.83 ಪಟ್ಟಿನಲ್ಲಿದೆಯೋ ಎಂದು ನೋಡಿದ ಮೇಲಷ್ಟೇ ಆಯಾಮದ ಆಕಾರ ತಿಳಿಯುತ್ತದೆ. ಇದುವರೆಗೆ ಮೊದಲನೆಯದೂ ಸಿಕ್ಕಿಲ್ಲ.

ಇತ್ತೀಚಿನದು 2022ರ ಕತ್ತಲ ಆಯಾಮದ ಪ್ರಸ್ತಾಪ. ಮೊಂಟೆರೊ, ವಫಾ, ವಲೆನ್ಸುವೆಲಾ ಅವರದು. ವಿಶ್ವದ ಕತ್ತಲ ಶಕ್ತಿ ಇಷ್ಟು ಚಿಕ್ಕದಾಗಿರುವುದರಿಂದ ಮೈಕ್ರೋಮೀಟರ್ ಮಟ್ಟದ ಒಂದೇ ಒಂದು ಆಯಾಮ ಇರಬೇಕೆಂಬ ವಾದ. ತಿರುಚು ತಕ್ಕಡಿ ಇನ್ನೊಂದು ಹತ್ತು ಪಟ್ಟು ಕೆಳಗಿಳಿದರೆ ಇದರ ಬಹುಭಾಗ ಪರೀಕ್ಷೆಗೆ ಸಿಗುತ್ತದೆ. ಪ್ರಯೋಗದ ಕಡೆ ಒಲವಿರುವವರು ಗಮನಿಸಬೇಕಾದದ್ದು ಇದನ್ನೇ.

ಇಷ್ಟೆಲ್ಲ ಹೇಳಿದರೂ, ಈ ಮಾದರಿಗಳು ಗುರುತ್ವದ ಅನಂತಗಳನ್ನು ಗುಣಪಡಿಸುವುದಿಲ್ಲ. ಐದು ಆಯಾಮದ ಗುರುತ್ವ ನಾಲ್ಕರದ್ದಕ್ಕಿಂತ ಇನ್ನೂ ಕೆಟ್ಟದಾಗಿ ಅನಂತಗಳನ್ನು ಹುಟ್ಟಿಸುತ್ತದೆ. ಆಯಾಮಗಳ ಸಂಖ್ಯೆ ಇಲ್ಲಿ ಕೈಯಾರೆ ಹಾಕಿದ್ದು.

ಸ್ಟ್ರಿಂಗ್ ಸಿದ್ಧಾಂತ: ಗಣಿತ ಹೇರಿದ ಹತ್ತು

ಕಣಗಳನ್ನು ಬಿಂದುಗಳೆಂದಲ್ಲ, ಕಂಪಿಸುವ ಪುಟ್ಟ ತಂತುಗಳೆಂದು ಹಿಡಿಯುವ ಸಿದ್ಧಾಂತ ಇದು. ಇಲ್ಲಿ ಆಯಾಮದ ಸಂಖ್ಯೆ ಆಯ್ಕೆಯಲ್ಲ. ತಂತುವಿನ ಮೇಲ್ಮೈಯ ಅಳತೆಯನ್ನು ಹಿಗ್ಗಿಸಿದರೂ ಕುಗ್ಗಿಸಿದರೂ ಫಲಿತಾಂಶ ಬದಲಾಗಬಾರದೆಂಬ ನಿಯಮ ಕ್ವಾಂಟಂ ಲೆಕ್ಕದಲ್ಲೂ ಉಳಿಯಬೇಕು. ಬೋಸಾನಿಕ್ ತಂತು ಎಂಬ ಸರಳ ಬಗೆಯಲ್ಲಿ ಪ್ರತಿ ಆಯಾಮ 1 ಅಂಕ ಕೊಡುತ್ತದೆ, ಲೆಕ್ಕದಲ್ಲಿ ಬರುವ ಘೋಸ್ಟ್ ಕ್ಷೇತ್ರಗಳು 26 ಕಳೆಯುತ್ತವೆ. ಮೊತ್ತ ಸೊನ್ನೆಯಾಗಲು 26 ಆಯಾಮ. ದ್ರವ್ಯದ ಕಣಗಳನ್ನೂ ಒಳಗೊಳ್ಳುವ ಸೂಪರ್‌ಸ್ಟ್ರಿಂಗ್‌ನಲ್ಲಿ ಪ್ರತಿ ಆಯಾಮಕ್ಕೆ ಒಂದೂವರೆ, ಕಳೆಯುವುದು 15, ಆದ್ದರಿಂದ 10. ವಿಟೆನ್ 1995ರಲ್ಲಿ ಸೂಪರ್‌ಸ್ಟ್ರಿಂಗ್‌ನ ಐದೂ ಬಗೆಗಳನ್ನು ಒಂದುಗೂಡಿಸಿ ಮುಂದಿಟ್ಟ ಎಂ-ಸಿದ್ಧಾಂತದಲ್ಲಿ 11. ಗ್ರಾವಿಟಾನ್ ತಾನಾಗಿಯೇ ಬರುತ್ತದೆ, ಬೇಡವೆಂದರೂ ಬರುತ್ತದೆ. ಬಿಂದುವಿನ ಬದಲು ಉದ್ದವಿರುವುದರಿಂದ ಡಿಕ್ಕಿಗಳು ಹರಡಿಕೊಂಡು ಅನಂತಗಳು ಮೃದುವಾಗುತ್ತವೆ.

ಬೆಲೆ ತೆರಬೇಕಾದದ್ದು ಉಳಿದ ಆರು ಆಯಾಮಗಳಿಗೆ. ಅವನ್ನು ಕಲಾಬಿ-ಯೌ ಆಕಾರಗಳಲ್ಲಿ ಮಡಿಸಿಡುವ ಕ್ರಮ 1985ರಿಂದಲೂ ಇದೆ. ಪ್ರತಿ ಆಕಾರದ ಪ್ರತಿ ಗಾತ್ರ, ಪ್ರತಿ ತಿರುವಿಗೂ ಒಂದೊಂದು ಭಾರವಿಲ್ಲದ ಕ್ಷೇತ್ರ, ಕಲೂಜಾನ ಉಳಿಕೆ ಅಂಶವೇ ನೂರಾರು ಪಾಲಾಗಿ. ಅವನ್ನು ಫ್ಲಕ್ಸ್‌ಗಳಿಂದ, ಅಂದರೆ ಮಡಿಕೆಗಳ ಮೂಲಕ ಹಾಯುವ ಕ್ಷೇತ್ರಗಳಿಂದ, ಬಿಗಿದರೆ 10⁵⁰⁰ರ ಮಟ್ಟದಲ್ಲಿ ಬೇರೆ ಬೇರೆ ವಿಶ್ವಗಳು ಸಾಧ್ಯವೆಂಬ ಅಂದಾಜು ಬರುತ್ತದೆ. ಅದರಲ್ಲಿ ನಮ್ಮದನ್ನು ಹುಡುಕಿ ತೋರಿಸುವುದು ಸದ್ಯಕ್ಕೆ ಆಗದ ಕೆಲಸ. ನಮ್ಮ ವಿಶ್ವದಂತೆ ವೇಗ ಹೆಚ್ಚಿಸಿಕೊಳ್ಳುತ್ತಾ ಹಿಗ್ಗುವ ದೇಶಕಾಲ ಇಲ್ಲಿ ಸ್ಥಿರವಾಗಿ ನಿಲ್ಲುತ್ತದೆಯೇ ಎಂಬುದರ ಮೇಲೂ 2003ರ ಕೆಕೆಎಲ್‌ಟಿ (ಕಚ್ರು, ಕಲೋಶ್, ಲಿಂಡೆ, ತ್ರಿವೇದಿ) ರಚನೆಯಿಂದ ಮೊದಲ್ಗೊಂಡು ಜಗಳ ಮುಗಿದಿಲ್ಲ.

ಅತಿ ಗಟ್ಟಿಯಾದ ಫಲ ಬಂದಿರುವುದು ಬೇರೆಡೆ. 1997ರಲ್ಲಿ ಮಾಲ್ದಸೇನ ಊಹೆಯಾಗಿ ಮುಂದಿಟ್ಟ ಸಂಬಂಧದಲ್ಲಿ ಐದು ಆಯಾಮದ ಗುರುತ್ವವೂ ಅದರ ಗಡಿಯ ಮೇಲಿನ ನಾಲ್ಕು ಆಯಾಮದ ಗುರುತ್ವವಿಲ್ಲದ ಸಿದ್ಧಾಂತವೂ ಒಂದೇ. ಇಲ್ಲಿ 'ನಿಜವಾದ' ಆಯಾಮ ಎಷ್ಟು ಎಂಬ ಪ್ರಶ್ನೆಗೇ ಅರ್ಥ ಸಡಿಲವಾಗುತ್ತದೆ. ದೇಶಕಾಲದ ಸ್ವರೂಪವೇ ನಿಮ್ಮ ಕುತೂಹಲವಾದರೆ ಸ್ಟ್ರಿಂಗ್‌ನ ಈ ಭಾಗವನ್ನು ಬಿಡಬೇಡಿ. ಕಣಗಳ ಭಾರವನ್ನು ಲೆಕ್ಕ ಹಾಕಿ ಹೇಳಬೇಕೆಂಬ ಆಸೆಯಿದ್ದರೆ ನಿರಾಸೆಗೆ ಸಿದ್ಧರಿರಿ.

ಲೂಪ್ ಕ್ವಾಂಟಂ ಗ್ರಾವಿಟಿ: ನಾಲ್ಕರಲ್ಲೇ

ಆಯಾಮ ನಾಲ್ಕು, ಹೊಸ ಕಣಗಳಿಲ್ಲ, ಹಿನ್ನೆಲೆಯಾಗಿ ಯಾವ ದೇಶಕಾಲವನ್ನೂ ಮೊದಲೇ ಹಾಸಿಟ್ಟಿರುವುದಿಲ್ಲ. 1986ರಲ್ಲಿ ಅಶ್ತೇಕರ್ ಸಾಪೇಕ್ಷತೆಯನ್ನು ಬರೆದ ಹೊಸ ಚರಗಳೇ ಇದರ ಅಡಿಪಾಯ. 1995ರ ಹೊತ್ತಿಗೆ ರೊವೆಲ್ಲಿ ಮತ್ತು ಸ್ಮೊಲಿನ್, ಕ್ಷೇತ್ರಫಲ ತುಂಡು ತುಂಡಾಗಿ ಮಾತ್ರ ಬರುತ್ತದೆ ಎಂದು ತೋರಿಸಿದರು. ಅತಿ ಚಿಕ್ಕ ತುಂಡು ಪ್ಲಾಂಕ್ ಉದ್ದದ ವರ್ಗದ ಸುಮಾರು 5.2 ಪಟ್ಟು, ಅಂದರೆ 1.4×10⁻⁶⁹ ಚದರ ಮೀಟರ್. ಈ ಅಂಕಿ, ಸಿದ್ಧಾಂತ ತಾನಾಗಿ ನಿಗದಿಪಡಿಸದ ಇಮಿರ್ಜಿ ಸ್ಥಿರಾಂಕವನ್ನು 0.2375 ಎಂದು ಇಟ್ಟಾಗ ಬರುವಂಥದ್ದು. ಆ ಬೆಲೆಯನ್ನು ಆರಿಸಿದ್ದು ಕಪ್ಪುಕುಳಿಯ ಎಂಟ್ರೊಪಿ (ಅವ್ಯವಸ್ಥೆಯ ಅಳತೆ) ಅದರ ಮೇಲ್ಮೈ ಕ್ಷೇತ್ರಫಲದ ಕಾಲು ಭಾಗಕ್ಕೆ ಸರಿಹೊಂದಲಿ ಎಂದು. ಹಾಗಾಗಿ ಆ ಎಂಟ್ರೊಪಿಯನ್ನೇ ತಿರುಗಿ ಈ ಸಿದ್ಧಾಂತದ ಗೆಲುವೆಂದು ಎಣಿಸುವುದು ಒಂದೇ ಹಣವನ್ನು ಎರಡು ಸಲ ಎಣಿಸಿದಂತೆ. ಸ್ಟ್ರಿಂಗ್‌ನಲ್ಲಿ 1996ರಲ್ಲಿ ಸ್ಟ್ರೋಮಿಂಜರ್ ಮತ್ತು ವಫಾ ಆ ಕಾಲು ಭಾಗವನ್ನು ಏನನ್ನೂ ಹೊಂದಿಸದೆ ಪಡೆದರು. ಆದರೆ ಅದು ಐದು ಆಯಾಮದ, ತುಂಬ ವಿಶೇಷ ಬಗೆಯ ಕಪ್ಪುಕುಳಿಗೆ. ಈ ಒಂದು ಪರೀಕ್ಷೆಯಿಂದ ಇಬ್ಬರ ನಡುವೆ ತೀರ್ಪು ಕೊಡಲಾಗದು.

ತೊಂದರೆ ಇರುವುದು ಕಾಲದ ವಿಕಾಸವನ್ನು ಹೇಳುವ ಹ್ಯಾಮಿಲ್ಟೋನಿಯನ್ ನಿರ್ಬಂಧದಲ್ಲಿ. ಅದನ್ನು ಕ್ವಾಂಟಂ ರೂಪಕ್ಕೆ ತರುವ ಬಗೆಗಳು ಹಲವು, ಯಾವುದು ಸರಿಯೆಂದು ಹೇಳುವ ನಿಯಮ ಗಟ್ಟಿಯಾಗಿಲ್ಲ. ತುಂಡುಗಳನ್ನು ಕೂಡಿಸಿದರೆ ನಮಗೆ ಗೊತ್ತಿರುವ ನಯವಾದ ದೇಶಕಾಲ ಮರಳಿ ಬರುತ್ತದೆಯೇ ಎಂಬುದೂ ಪೂರ್ತಿ ಸಾಬೀತಾಗಿಲ್ಲ. ಆಯಾಮದ ವಿಷಯಕ್ಕೆ ಬಂದರೆ, ಮೂಲ ಚರಗಳು ಮೂರು ದೇಶ ಆಯಾಮಗಳಿಗೇ ಹೊಲಿದಂಥವು. ಹೆಚ್ಚಿನ ಆಯಾಮಕ್ಕೆ ಅದನ್ನು ಒಗ್ಗಿಸಿದ ಕೆಲಸ 2011ರಿಂದೀಚೆಗೆ ಬೋಡೆನ್‌ಡೋರ್ಫರ್, ಥೀಮನ್, ಥರ್ನ್ ಮಾಡಿದ್ದಾರೆ.

ಆಯಾಮವನ್ನು ಲೆಕ್ಕದಿಂದಲೇ ಪಡೆಯುವವರು

ಕಂಪ್ಯೂಟರ್ ಒಲ್ಲದವರು ಈ ಭಾಗವನ್ನು ಬಿಡಬಹುದು, ಒಲಿದವರಿಗೆ ಪ್ರವೇಶ ಅತಿ ಸುಲಭವಾಗಿರುವುದು ಇಲ್ಲೇ.

ಕಾಸಲ್ ಡೈನಮಿಕಲ್ ಟ್ರಯಾಂಗ್ಯುಲೇಶನ್, ಅಂದರೆ ಆಂಬ್ಯೋರ್ನ್, ಯುರ್ಕಿಯೆವಿಚ್, ಲೋಲ್ ಅವರ ದಾರಿ, ದೇಶಕಾಲವನ್ನು ನಾಲ್ಕು ಆಯಾಮದ ಮುಕ್ಕೋಣಾಕೃತಿಗಳಿಂದ ಕಟ್ಟಿ, ಎಲ್ಲ ಜೋಡಣೆಗಳ ಮೇಲೆ ಯಾದೃಚ್ಛಿಕವಾಗಿ ಮಾದರಿ ಆರಿಸುವ ಮಾಂಟೆ ಕಾರ್ಲೊ ಎಣಿಕೆ ನಡೆಸುತ್ತದೆ. ತುಂಡುಗಳು ನಾಲ್ಕು ಆಯಾಮದವಾದರೆ ಒಟ್ಟು ವಿಶ್ವವೂ ನಾಲ್ಕೇ ಆಗಬೇಕಲ್ಲ ಎಂದು ಅನ್ನಿಸುವುದು ಸಹಜ. ಆಗುವುದಿಲ್ಲ. ಕಾರಣ-ಕಾರ್ಯದ ಕ್ರಮವನ್ನು ಬಿಟ್ಟು ಅಂಟಿಸಿದಾಗ ವಿಶ್ವ ಒಂದೋ ಮುದ್ದೆಯಾಗುತ್ತದೆ, ಇಲ್ಲವೇ ಕವಲು ಕವಲಾಗಿ ಒಣಗುತ್ತದೆ. ಕ್ರಮವನ್ನು ಹೇರಿದಾಗ ಮಾತ್ರ ದೊಡ್ಡ ಅಳತೆಯಲ್ಲಿ ನಾಲ್ಕು ಬರುತ್ತದೆ. 2005ರ ಫಲಿತಾಂಶದಲ್ಲಿ ದೂರದ ಅಳತೆಯಲ್ಲಿ 4.02, ಹತ್ತಿರದಲ್ಲಿ 1.80, ಅದರ ತಪ್ಪಿನ ಅಂಚು 0.25. ಅಳೆಯುವ ಕ್ರಮ ಹೀಗೆ: ಒಂದು ತುಂಡಿನಿಂದ ಯಾದೃಚ್ಛಿಕ ನಡಿಗೆ ಶುರುಮಾಡಿ, ಇಂತಿಷ್ಟು ಹೆಜ್ಜೆಗಳ ನಂತರ ಹೊರಟಲ್ಲಿಗೇ ಮರಳುವ ಸಂಭವವನ್ನು ಹಲವು ಆರಂಭ ಬಿಂದುಗಳಿಗೆ ಸರಾಸರಿ ಮಾಡಿ, ಲಾಗ್-ಲಾಗ್ ನಕ್ಷೆಯ ಇಳಿಜಾರನ್ನು ಋಣ ಎರಡರಿಂದ ಗುಣಿಸಿ. ಕೆಲವೇ ಹೆಜ್ಜೆಗಳಲ್ಲಿ ಸಮ-ಬೆಸದ ಏರಿಳಿತ ಕಾಣುತ್ತದೆ, ಅದು ತುಂಡುಗಳ ದೋಷ, ಬಿಸಾಡಿ. ಹೆಜ್ಜೆ ಅತಿಯಾದರೆ ನಡಿಗೆ ಇಡೀ ವಿಶ್ವವನ್ನು ಸುತ್ತಿಬರುತ್ತದೆ, ಉತ್ತರ ಸೊನ್ನೆಯ ಕಡೆ ಜಾರುತ್ತದೆ. ಅದೂ ಭೌತವಿಜ್ಞಾನವಲ್ಲ.

ಕಾರಣ ಗಣಗಳ ದಾರಿಯನ್ನು 1987ರಲ್ಲಿ ಬೊಂಬೆಲ್ಲಿ, ಲೀ, ಮೇಯರ್, ಸೋರ್ಕಿನ್ ಮುಂದಿಟ್ಟರು. ಇರುವುದು ಘಟನೆಗಳು ಮತ್ತು ಯಾವುದು ಯಾವುದಕ್ಕಿಂತ ಮೊದಲು ಎಂಬ ಕ್ರಮ, ಅಷ್ಟೇ. ಇದನ್ನು ಲ್ಯಾಪ್‌ಟಾಪಿನಲ್ಲೇ ನೋಡಬಹುದು. ಸಪಾಟು ದೇಶಕಾಲದ ಕಾರಣ ವಜ್ರದೊಳಗೆ (ಒಂದು ಘಟನೆಯ ಆಮೇಲೆಯೂ ಇನ್ನೊಂದಕ್ಕೆ ಮೊದಲೂ ಬರುವ ಭಾಗದೊಳಗೆ) 1000 ಬಿಂದುಗಳನ್ನು ಯಾದೃಚ್ಛಿಕವಾಗಿ ಚಿಮುಕಿಸಿ, 4,99,500 ಜೋಡಿಗಳಲ್ಲಿ ಎಷ್ಟಕ್ಕೆ ಮೊದಲು-ಆಮೇಲೆ ಸಂಬಂಧವಿದೆ ಎಂದು ಎಣಿಸಿ. ಎರಡು ಆಯಾಮದಲ್ಲಿ ಅರ್ಧ, ಮೂರರಲ್ಲಿ 35ರಲ್ಲಿ 8 ಪಾಲು, ನಾಲ್ಕರಲ್ಲಿ ಹತ್ತನೇ ಒಂದು ಬರಬೇಕು. ಬರದಿದ್ದರೆ ಮೊದಲು ನೋಡಬೇಕಾದ್ದು ನೀವು ವಜ್ರದ ಬದಲು ಪೆಟ್ಟಿಗೆಯೊಳಗೆ ಚಿಮುಕಿಸಿದ್ದೀರಾ ಎಂದು. ಬಿಂದುಗಳನ್ನು ಸಾಲಾಗಿ ಜೋಡಿಸುವುದೂ ತಪ್ಪು, ಸಾಲುಗಳು ಒಂದು ವಿಶೇಷ ಚಲನೆಯ ದಿಕ್ಕನ್ನು ಎತ್ತಿ ತೋರಿಸಿಬಿಡುತ್ತವೆ. ಈ ದಾರಿಯ ಹೆಮ್ಮೆ, ಕತ್ತಲ ಶಕ್ತಿಯನ್ನು ಹೇಳುವ ವಿಶ್ವ ಸ್ಥಿರಾಂಕದ ಏರಿಳಿತ ಒಟ್ಟು ಘಟನೆಗಳ ವರ್ಗಮೂಲದ ವಿಲೋಮದಷ್ಟು ಇರಬೇಕೆಂದು, ವಿಶ್ವ ವೇಗ ಹೆಚ್ಚಿಸಿಕೊಳ್ಳುತ್ತಾ ಹಿಗ್ಗುತ್ತಿರುವುದು ಪತ್ತೆಯಾದ 1998ಕ್ಕೆ ಮೊದಲೇ ಸೋರ್ಕಿನ್ ಹೇಳಿದ್ದು. ಘಟನೆಗಳು ಸುಮಾರು 10²⁴⁴, ಅದರ ವರ್ಗಮೂಲದ ವಿಲೋಮ 10⁻¹²². ಕಂಡದ್ದೂ ಅಷ್ಟೇ ಮಟ್ಟದಲ್ಲಿದೆ. ಇದರ ಹುಣ್ಣು: ಹಾಗೇ ಎಣಿಸಿದರೆ ಬಹುಪಾಲು ಕಾರಣ ಗಣಗಳು ಮೂರು ಪದರದ ಚಪ್ಪಟೆ ರಚನೆಗಳು, ದೇಶಕಾಲದ ಹೋಲಿಕೆಯೇ ಇಲ್ಲದವು.

ಅಸಿಂಪ್ಟೋಟಿಕ್ ಸೇಫ್ಟಿ ಅತ್ಯಂತ ಸಂಪ್ರದಾಯಸ್ಥ ದಾರಿ. ಗುರುತ್ವದ ಬಲ ಶಕ್ತಿ ಏರಿದಂತೆ ಒಂದು ಸ್ಥಿರ ಬಿಂದುವಿಗೆ ಬಂದು ನಿಲ್ಲುತ್ತದೆ, ಅನಂತಗಳ ಹೆದರಿಕೆ ಸುಳ್ಳು ಎಂಬ ವೈನ್‌ಬರ್ಗ್‌ನ ಊಹೆಗೆ 1998ರಲ್ಲಿ ರಾಯ್ಟರ್ ಲೆಕ್ಕದ ಹಾದಿ ಹಾಕಿಕೊಟ್ಟರು. ಶಪೊಶ್ನಿಕೊವ್ ಮತ್ತು ವೆಟೆರಿಕ್ 2009ರಲ್ಲಿ ಹಿಗ್ಸ್ ಕಣದ ಭಾರ ಸುಮಾರು 126 ಜಿಇವಿ ಎಂದರು, 2012ರಲ್ಲಿ ಸಿಕ್ಕಿದ್ದು 125. ಒಳ್ಳೆಯ ಅಂಕ. ಆದರೆ ಟಾಪ್ ಕ್ವಾರ್ಕಿನ ಭಾರ ಸ್ವಲ್ಪ ಅತ್ತಿತ್ತಾದರೂ ಅದು ಅಲುಗುತ್ತದೆ, ಜೊತೆಗೆ ಅನಂತ ಪದಗಳ ಸಮೀಕರಣವನ್ನು ಎಲ್ಲೋ ಕತ್ತರಿಸಿಯೇ ಲೆಕ್ಕ ಹಾಕಬೇಕು. ಕತ್ತರಿಸುವ ಜಾಗ ಬದಲಾದಾಗ ಸ್ಥಿರ ಬಿಂದು ಉಳಿಯುತ್ತದೆಯೇ ಎಂದು ನೋಡದೆ ಯಾವ ಪ್ರಬಂಧವನ್ನೂ ನಂಬಬೇಡಿ. ಇಲ್ಲೂ ಅತಿ ಸಣ್ಣ ದೂರದಲ್ಲಿ ಆಯಾಮ ಎರಡಕ್ಕೆ ಇಳಿಯುತ್ತದೆ. ಎರಡು ಬೇರೆ ದಾರಿಗಳು ಒಂದೇ ಕಡೆ ಬಂದು ಸೇರಿದ ಈ ಸಂಗತಿಗೆ ಹತ್ತು ಆಯಾಮದ ಸುದ್ದಿಗೆ ಸಿಗುವ ಪ್ರಚಾರದ ನೂರನೇ ಪಾಲೂ ಸಿಕ್ಕಿಲ್ಲ.

ಯಾವ ಸಾಕ್ಷ್ಯ ಯಾವುದಕ್ಕೆ

ಸುದ್ದಿಗಳನ್ನು ಓದುವಾಗ ಎರಡು ತಪ್ಪುಗಳು ಪದೇ ಪದೇ ಕಾಣುತ್ತವೆ. 2017ರ ಆಗಸ್ಟ್ 17ರಂದು ನ್ಯೂಟ್ರಾನ್ ನಕ್ಷತ್ರಗಳ ವಿಲೀನದಿಂದ ಬಂದ ಗುರುತ್ವದ ಅಲೆ ದೂರಕ್ಕೆ ತಕ್ಕಷ್ಟೇ ಕ್ಷೀಣಿಸಿತ್ತು, ನಾಲ್ಕು ಆಯಾಮಕ್ಕೆ ಸರಿಯಾಗಿ. ಇದರಿಂದ ಹೆಚ್ಚುವರಿ ಆಯಾಮಗಳೆಲ್ಲ ಸತ್ತವು ಎನ್ನುವುದು ತಪ್ಪು. ಗುರುತ್ವ ವಿಶ್ವದಷ್ಟು ದೊಡ್ಡ ಅಳತೆಯಲ್ಲಿ ಸೋರಿಹೋಗುವ ಮಾದರಿಗಳಿಗೆ ಮಾತ್ರ ಅದರಿಂದ ಪೆಟ್ಟು. ಮೈಕ್ರೋಮೀಟರಿನಲ್ಲಿ ಸುರುಳಿಯಾದ ಆಯಾಮಕ್ಕೆ ಆ ಅಲೆ ಏನೂ ಹೇಳದು. ಇನ್ನೊಂದು, 2009ರ ಗಾಮಾ ಸ್ಫೋಟದಲ್ಲಿ ಫರ್ಮಿ ದೂರದರ್ಶಕ ಹಿಡಿದ 31 ಜಿಇವಿ ಫೋಟಾನ್. ಶಕ್ತಿಗೆ ತಕ್ಕಂತೆ ಬೆಳಕಿನ ವೇಗ ಬದಲಾಗುವುದಿದ್ದರೆ ಅದು ಪ್ಲಾಂಕ್ ಶಕ್ತಿಗಿಂತ ಮೇಲಿನ ಮಟ್ಟದಲ್ಲೇ ಎಂದು ಅದು ತೋರಿಸಿತು. ಲೂಪ್ ಸಿದ್ಧಾಂತ ಸೋತಿತು ಎಂದು ಬರೆದವರುಂಟು. ಆ ಸಿದ್ಧಾಂತ ಅಂಥ ವೇಗ ವ್ಯತ್ಯಾಸವನ್ನು ಖಚಿತವಾಗಿ ಮುನ್ನುಡಿದೇ ಇರಲಿಲ್ಲ.

ಹಾಗಾದರೆ ಯಾರು ಏನನ್ನು ಹಿಡಿಯಬೇಕು? ಅಳತೆಯ ಕೆಲಸ ಬೇಕೆನ್ನುವವರು ದೊಡ್ಡ ಮತ್ತು ಬಾಗಿದ ಆಯಾಮಗಳ ಮಾದರಿಗಳಿಂದ ಶುರುಮಾಡಲಿ. ಕ್ಷೇತ್ರ ಸಿದ್ಧಾಂತದ ಒಂದು ವರ್ಷದ ತಯಾರಿ ಸಾಕು, ತಪ್ಪೆಂದು ತೋರಿಸುವ ಸಂತೋಷವೂ ಸಿಗುತ್ತದೆ. ಕೋಡ್ ಬರೆಯಬಲ್ಲವರು ಕಾರಣ ಗಣಕ್ಕೆ ಹೋಗಲಿ, ಆಮೇಲೆ ಟ್ರಯಾಂಗ್ಯುಲೇಶನ್‌ಗೆ. ಗಣಿತದ ಆಳ ಬೇಕೆನ್ನುವವರಿಗೆ ಸ್ಟ್ರಿಂಗ್, ಮೊದಲು ಕನ್ಫಾರ್ಮಲ್ ಕ್ಷೇತ್ರ ಸಿದ್ಧಾಂತ ಓದಿಕೊಂಡು. ಸಾಪೇಕ್ಷತೆಯಿಂದ ಬಂದು ಹಿನ್ನೆಲೆಯ ದೇಶಕಾಲವನ್ನು ಒಪ್ಪದವರಿಗೆ ಲೂಪ್, ಆದರೆ ಡಿರಾಕ್‌ನ ನಿರ್ಬಂಧ ವಿಧಾನದಲ್ಲಿ ಕೈ ಪಳಗಿರಬೇಕು. ಪುನಃಸಾಮಾನ್ಯೀಕರಣ (ಅನಂತಗಳನ್ನು ಅಡಗಿಸುವ ಲೆಕ್ಕ) ಬಲ್ಲ ಕಣ ಭೌತಜ್ಞರಿಗೆ ಅಸಿಂಪ್ಟೋಟಿಕ್ ಸೇಫ್ಟಿಯೇ ಹತ್ತಿರದ ದಾರಿ.

ಮೇಜಿನ ಮೇಲಿನ ಪ್ರಯೋಗಗಳನ್ನು ನೋಡಿ ಆರಿಸಲು ಹೋಗಬೇಡಿ. 2017ರಲ್ಲಿ ಬೋಸ್ ಮತ್ತು ಸಂಗಡಿಗರು, ಬೇರೆಯಾಗಿ ಮಾರ್ಲೆಟ್ಟೊ ಮತ್ತು ವೆದ್ರಾಲ್, ಗುರುತ್ವವೊಂದರಿಂದಲೇ ಎರಡು ವಸ್ತುಗಳ ನಡುವೆ ಕ್ವಾಂಟಂ ಹೆಣಿಗೆ (ಎಂಟ್ಯಾಂಗಲ್‌ಮೆಂಟ್) ಹುಟ್ಟಿಸಬಹುದೇ ಎಂದು ನೋಡುವ ಪ್ರಯೋಗ ಸೂಚಿಸಿದರು. ಬೋಸ್ ಗುಂಪಿನ ಲೆಕ್ಕದಲ್ಲಿ 10⁻¹⁴ ಕಿಲೋಗ್ರಾಮಿನ ಎರಡು ಹರಳುಗಳು ಸುಮಾರು 250 ಮೈಕ್ರೋಮೀಟರ್ ಅಂತರದ ಎರಡು ಜಾಗಗಳಲ್ಲಿ ಏಕಕಾಲಕ್ಕೆ ಎರಡೂವರೆ ಸೆಕೆಂಡು ಇರಬೇಕು. ಎರಡೂ ಹರಳುಗಳು 200 ಮೈಕ್ರೋಮೀಟರಿಗಿಂತ ಹತ್ತಿರ ಬಂದರೆ ಕ್ಯಾಸಿಮಿರ್ ಬಲ ಗುರುತ್ವವನ್ನು ಮೀರಿಸುತ್ತದೆ. ಹೆಣಿಗೆ ಕಂಡರೆ ಗುರುತ್ವಕ್ಕೂ ಕ್ವಾಂಟಂ ಗುಣವಿದೆ ಎಂಬ ಮಾತಿಗೆ ಬಲ ಬರುತ್ತದೆ, ಆದರೆ ಡೊನಹ್ಯೂ ಬಗೆಯ ಸರಳ ಲೆಕ್ಕವೂ ಅದನ್ನೇ ಹೇಳುವುದರಿಂದ ಮೇಲಿನ ದಾರಿಗಳಲ್ಲಿ ಒಂದಕ್ಕೂ ಹೆಚ್ಚಿನ ಅಂಕ ಸಿಗುವುದಿಲ್ಲ. ಎಲ್ಲ ಎಚ್ಚರ ವಹಿಸಿ ನಡೆಸಿದ ಮೇಲೂ ಕಾಣದೇ ಹೋದರೆ ನಾಲ್ಕು, ಹತ್ತು, ಹನ್ನೊಂದು ಆಯಾಮದವರೆಲ್ಲ ಒಟ್ಟಿಗೇ ತೊಂದರೆಗೆ ಸಿಲುಕುತ್ತಾರೆ.